ಅಮ್ಮನ ಸಾಮಾನು, ಇಂಗ್ಲಿಷಿನ ಲೂಮ್

ನಮ್ಮ ಅಮ್ಮ ಮಗ್ಗವನ್ನು ಮಗ್ಗ ಎಂದು ಕರೆದದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ನವಲಗುಂದದ ನಮ್ಮ ಮನೆಯಲ್ಲಿ ಅದರ ಹೆಸರು ‘ಸಾಮಾನು’. ಗೋಡೆಗೆ ಆನಿಸಿದ ಎರಡು ಕಂಬ, ಮೇಲೊಂದು ಕೆಳಗೊಂದು ತೊಲೆ, ತೊಲೆಗಳ ನಡುವೆ ಬಿಗಿದು ಕಟ್ಟಿದ ಹತ್ತಿಯ ನೂಲು, ಮುಂದೆ ಕೂರಲು ಒಂದು ಹಲಗೆ. ಇಷ್ಟರಲ್ಲಿಯೇ ಜಮಖಾನೆ ಹುಟ್ಟಬೇಕು. ನೇಯುವವರು ಹೆಂಗಸರು ಮಾತ್ರ. ಗಂಡಸರು ನೂಲು ತರಬಹುದು, ಬಣ್ಣ ತರಬಹುದು, ಕಂಬ ಅಲುಗಾಡಿದರೆ ಬೆಣೆ ಹೊಡೆಯಬಹುದು, ಹಲಗೆಯ ಮೇಲೆ ಕೂರುವ ಹಾಗಿಲ್ಲ. “ನಿಮ್ಮವ್ವ ಎಲ್ಲಿ?” ಎಂದು ಯಾರಾದರೂ ಕೇಳಿದರೆ ನಾವು “ಸಾಮಾನದ ಮುಂದ ಕುಂತಾಳ್ರಿ” ಎನ್ನುತ್ತಿದ್ದೆವು. ಹೊಸಬರು ಅಡುಗೆಮನೆಯ ಕಡೆ ಕತ್ತು ಚಾಚುತ್ತಿದ್ದರು.

ನಮ್ಮದು ಎರಡು ಭಾಷೆಯ ಮನೆ. ಮುದ್ದು ಮಾಡುವುದು ಉರ್ದುವಿನಲ್ಲಿ, ಜಗಳ ಆಡುವುದು ಕನ್ನಡದಲ್ಲಿ. ಈ ಬರಹದಲ್ಲಿ ಅಮ್ಮನ ಮಾತೆಲ್ಲ ಕನ್ನಡದಲ್ಲಿಯೇ ಬರುವುದರಿಂದ ನಾವು ಹೇಗಿದ್ದೆವೆಂದು ಓದುಗರು ಊಹಿಸಿಕೊಳ್ಳಬಹುದು. ಆ ‘ಸಾಮಾನು’ ಎಂಬ ಮಾತಿನ ಬಗ್ಗೆ ಚಿಕ್ಕವಳಿದ್ದಾಗ ನನಗೆ ವಿಪರೀತ ನಾಚಿಕೆ. ಶಾಲೆಯ ಪುಸ್ತಕದಲ್ಲಿ ಮಗ್ಗ ಎಂದು ಅಚ್ಚಾಗಿತ್ತು, ಪಕ್ಕದಲ್ಲಿ ಚಿತ್ರವೂ ಇತ್ತು. ನಮ್ಮವರಿಗೆ ತಾವು ದಿನವಿಡೀ ಮುಟ್ಟುವ ವಸ್ತುವಿಗೆ ನೆಟ್ಟಗೊಂದು ಹೆಸರೂ ಗೊತ್ತಿಲ್ಲವಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಈಗ ನಾನು ಅಣ್ಣಿಗೇರಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ತಲೆ ಅರ್ಧ ಬೆಳ್ಳಗಾಗಿದೆ. ಆ ನಾಚಿಕೆ ಎಂಥ ದಡ್ಡತನವಾಗಿತ್ತೆಂದು ತಿಳಿದದ್ದು ಮೂರು ವರ್ಷಗಳ ಹಿಂದೆ.

ನಮ್ಮ ಶಾಲೆಯ ಕಪಾಟಿನಲ್ಲಿ ದಪ್ಪನೆಯ ಇಂಗ್ಲಿಷ್ ನಿಘಂಟೊಂದಿದೆ. ಬೆನ್ನು ಹರಿದಿದೆ, ಮೊದಲ ಹಾಳೆಗಳು ಎಲ್ಲಿಯೋ ಹೋಗಿವೆ, ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಒಂದೊಂದು ಪದದ ಹುಟ್ಟು, ವಂಶ, ವಲಸೆ ಎಲ್ಲವನ್ನೂ ಅದು ಹೇಳುತ್ತದೆ. ಅಂದು ಪಾಠದಲ್ಲಿ ‘ಲೂಮ್’ ಬಂದಿತ್ತು. ಮಗ್ಗ ಎಂದು ಹೇಳಿ ಮುಂದೆ ಹೋಗಬಹುದಿತ್ತು, ಹೋಗಿಯೂ ಇದ್ದೆ. ಆದರೆ ನನ್ನದು ಕೆದಕುವ ಸ್ವಭಾವ. ನನ್ನ ಅಣ್ಣನ ಹೆಂಡತಿ, ಭಾಬಿ, ಇದಕ್ಕೆ ಕೋಳಿ ಬುದ್ಧಿ ಎನ್ನುತ್ತಾಳೆ. ಮಧ್ಯಾಹ್ನದ ಬಿಡುವಿನಲ್ಲಿ ಒಂದು ಕಡೆ ಊಟದ ಡಬ್ಬಿ, ಇನ್ನೊಂದು ಕಡೆ ನಿಘಂಟು ತೆರೆದಿಟ್ಟುಕೊಂಡು ಕುಳಿತೆ.

ಸಾವಿರ ವರ್ಷಗಳಷ್ಟು ಹಿಂದೆ ಈ ಪದ ‘ಗೆಲೋಮ’ ಎಂದಿತ್ತಂತೆ. ಆಗ ಅದಕ್ಕೆ ಮಗ್ಗವೆಂಬ ಅರ್ಥವೇ ಇರಲಿಲ್ಲ. ಮನೆಯಲ್ಲಿ ಕೆಲಸಕ್ಕೆ ಬರುವ, ಕೈಗೆ ಬೇಕಾಗುವ ಯಾವ ವಸ್ತುವಾದರೂ ಗೆಲೋಮವೇ. ಅದನ್ನು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳಬೇಕೆಂದರೆ ಸಾಮಾನು ಎನ್ನಬೇಕು.

ರೊಟ್ಟಿ ಮುರಿದ ಕೈ ಹಾಗೇ ನಿಂತಿತು. ಸಮುದ್ರದಾಚೆ, ಮಂಜು ಮುಸುಕಿದ ಯಾವುದೋ ಹಳ್ಳಿಯಲ್ಲಿ, ನಮ್ಮ ಊರಿನ ಹೆಸರು ಕನಸಿನಲ್ಲಿಯೂ ಕೇಳಿರದ ಹೆಂಗಸರು ತಾವು ನೇಯುವ ಚೌಕಟ್ಟನ್ನು ನೋಡಿ ನಮ್ಮ ಅಮ್ಮ ಹೇಳಿದ್ದನ್ನೇ ಹೇಳಿದ್ದರು. ನಾನು ಇಪ್ಪತ್ತು ವರ್ಷದಿಂದ ಆ ಭಾಷೆಯನ್ನು ಕಲಿಸಿ ಅನ್ನ ತಿನ್ನುತ್ತಿದ್ದೇನೆ, ಒಮ್ಮೆಯೂ ಅದು ನನ್ನನ್ನು ಹೀಗೆ ಹೆಸರು ಹಿಡಿದು ಕರೆದಿರಲಿಲ್ಲ.

ಮುಂದೆ ಓದಿದೆ. ಆ ಪದ ಎಲ್ಲೆಲ್ಲೋ ಅಲೆದಿದೆ. ಒಂದು ಸೀಮೆಯಲ್ಲಿ ನೀರು ತುಂಬುವ ಮರದ ತೊಟ್ಟಿಗೆ ಲೂಮ್ ಅಂದರು, ಇನ್ನೊಂದು ಕಡೆ ದೋಣಿಗೆ ಅಂದರು. ಅಂಬಿಗರು ಹುಟ್ಟಿನ ಹಿಡಿಯ ಕಡೆಯ ಉದ್ದನೆಯ ಭಾಗಕ್ಕೆ ಆ ಹೆಸರಿಟ್ಟುಕೊಂಡರು, ಅದು ಈಗಲೂ ಉಳಿದಿದೆಯಂತೆ. ಮಂಜಿನೊಳಗಿಂದ ಭಾರಿಯಾಗಿ ಮೂಡಿ ಬರುವುದಕ್ಕೂ ಲೂಮ್ ಎನ್ನುತ್ತಾರೆ, ಆದರೆ ಅದು ಬೇರೆ ಮನೆತನದ್ದು, ನಮಗೂ ಅದಕ್ಕೂ ಹೊಕ್ಕುಬಳಕೆ ಇಲ್ಲ ಎಂದು ನಿಘಂಟು ಖಡಾಖಂಡಿತವಾಗಿ ಹೇಳಿತ್ತು. ಇಷ್ಟೆಲ್ಲ ಸಾಮಾನುಗಳು ಪೈಪೋಟಿ ಮಾಡಿದರೂ ಕೊನೆಗೆ ಹೆಸರು ಹೋಗಿ ಕುಳಿತದ್ದು ನೇಯುವ ಚೌಕಟ್ಟಿನ ಮೇಲೆ. ಮನೆಯಲ್ಲಿ ಅದಕ್ಕಿಂತ ದೊಡ್ಡ ಸಾಮಾನು ಇರಲಿಲ್ಲವೇನೋ. ಗೆಲೋಮಕ್ಕೂ ಹಿಂದೆ ಏನಿತ್ತು ಎಂಬಲ್ಲಿ ಮಾತ್ರ ನಿಘಂಟು ಕೈ ಚೆಲ್ಲಿತ್ತು. ಅದರ ಬೇರು ತಿಳಿಯದು ಎಂದು ಬರೆದು ಸುಮ್ಮನಾಗಿತ್ತು.

ಇನ್ನೊಂದು ಪದ ನೋಡಿ ಎಂದೂ ಬರೆದಿತ್ತು: ‘ಏರ್‌ಲೂಮ್’. ಮೊದಲರ್ಧ ಲ್ಯಾಟಿನ್‌ನಿಂದ ಫ್ರೆಂಚಿಗೆ ಬಂದು ಅಲ್ಲಿಂದ ಇಂಗ್ಲೆಂಡಿಗೆ ಇಳಿದದ್ದು, ಅದರರ್ಥ ವಾರಸುದಾರ. ಉಳಿದರ್ಧ ಇದೇ ಹಳೆಯ ಲೂಮ್. ಕೆಲವು ಸಾಮಾನುಗಳನ್ನು ಮನೆಯಿಂದ ಬಿಡಿಸುವ ಹಾಗಿರಲಿಲ್ಲವಂತೆ. ಮಾರುವಂತಿಲ್ಲ, ಬೇರೆಯವರಿಗೆ ಬರೆದುಕೊಡುವಂತಿಲ್ಲ. ಮನೆ ಯಾರ ಪಾಲಿಗೋ ಸಾಮಾನೂ ಅವರ ಪಾಲಿಗೆ. ಇಲ್ಲಿಗೆ ಬಂದಾಗ ನನ್ನ ಸಂತೋಷವೆಲ್ಲ ಇಳಿದುಹೋಯಿತು. ಏಕೆಂದರೆ ಅದು ಯಾವ ಕಾನೂನು ಎಂದು ನಿಘಂಟಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಮನೆಯಲ್ಲಿ ನೇಯ್ಗೆಯನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಇಂದಲ್ಲ ನಾಳೆ ಬೇರೆ ಮನೆಗೆ ಹೋಗುವವಳು, ಹೋಗುವಾಗ ಕೈಯಲ್ಲಿದ್ದ ವಿದ್ಯೆಯನ್ನೂ ಒಯ್ಯುತ್ತಾಳೆ. ಅದಕ್ಕೇ ಮಗಳಿಗೆ ಬಾಗಿಲು ಹಾಕಿದ್ದರು. ಅಜ್ಜಿಯೂ ಅಮ್ಮನೂ ಹಲಗೆಯ ಮೇಲೆ ಜೋಡಿಯಾಗಿ ಕೂರುತ್ತಿದ್ದರು. ಸಾಮಾನಿಗೆ ಅಡ್ಡವಾಗಿ ಒಂದು ಪರದೆ, ನಾನು ಅದರ ಈಚೆ. ಚಿತ್ರದ ನಕ್ಷೆ ಕಾಗದದ ಮೇಲೆ ಎಲ್ಲಿಯೂ ಇಲ್ಲ, ಎಲ್ಲ ತಲೆಯಲ್ಲಿ. ಯಾವ ಸಾಲಿನಲ್ಲಿ ಎಷ್ಟು ಎಳೆ ಹಾಯಬೇಕು, ಎಲ್ಲಿ ಬಣ್ಣ ಬದಲಿಸಬೇಕು ಎಂದು ಅಜ್ಜಿ ಹೇಳುತ್ತಿದ್ದಳು. “ಮೂರು ತುಂಬು, ಎರಡು ಬಿಡು, ಏಳು ತುಂಬು.” ಅಮ್ಮನ ಬೆರಳು ಓಡುತ್ತಿದ್ದವು. ಆಮೇಲೆ ಪಂಜಾ ಎಂಬ ಕಬ್ಬಿಣದ ಹಲ್ಲಿನ ಹಣಿಗೆಯಿಂದ ಸಾಲನ್ನು ಕೆಳಕ್ಕೆ ಬಡಿಯುವ ಸದ್ದು. ಎಷ್ಟೋ ದಿನಗಳ ಮೇಲೆ ಆ ಎಣಿಕೆಯೊಳಗಿಂದ ಒಂದು ನವಿಲು ಎದ್ದು ನಿಲ್ಲುತ್ತಿತ್ತು. ಅಕ್ಷರ ಬಾರದ ಇಬ್ಬರು ಹೆಂಗಸರು ಅಷ್ಟು ಅಂಕಿಗಳನ್ನು ಹೇಗೆ ಹೊತ್ತುಕೊಂಡಿದ್ದರು ಎಂದು ನೆನೆದರೆ ನನಗೆ ಇವತ್ತಿಗೂ ಬೆರಗಾಗುತ್ತದೆ.

ಐದನೆಯ ತರಗತಿಯಲ್ಲಿದ್ದಾಗ ನಾನು ಒಂದು ಕಳ್ಳತನ ಮಾಡಿದೆ. ಪರದೆಯಾಚೆಯಿಂದ ಬರುವ ಎಣಿಕೆಯನ್ನು ಚೌಕುಳಿ ಗೆರೆಗಳ ಗಣಿತದ ಪಟ್ಟಿಯ ಒಂದು ಹಾಳೆಯಲ್ಲಿ ತುಂಬುತ್ತ ಹೋದೆ. ಮೂರು ಚೌಕ ನೀಲಿ, ಎರಡು ಖಾಲಿ. ನವಿಲು ಮುಗಿಯುವವರೆಗೆ ಬಿಡಲಿಲ್ಲ. ಕೊನೆಗೆ ನೋಡಿದರೆ ನನ್ನ ನವಿಲು ಕಾಲು ಮೇಲೆ ಮಾಡಿ, ತಲೆ ಕೆಳಗೆ ಹಾಕಿ ಸತ್ತ ಕೋಳಿಯಂತೆ ಬಿದ್ದಿತ್ತು. ನಾನು ಬರೆಯುವವಳು, ಪುಟದ ಮೇಲಿಂದ ಕೆಳಗೆ ಬಂದಿದ್ದೆ. ಜಮಖಾನೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ ಎಂಬುದು ಪರದೆಯ ಈಚೆ ಕೂತವಳಿಗೆ ಹೇಗೆ ಗೊತ್ತಾಗಬೇಕು?

ಆ ಪಟ್ಟಿ ಅಮ್ಮನ ಕೈಗೆ ಸಿಕ್ಕಿತು. ಅವಳು ಅದನ್ನು ತಿರುಗಿಸಿ ಹಿಡಿದು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಆ ಹಾಳೆಯನ್ನು ಹರಿದು ಒಲೆಗೆ ಹಾಕಿ, ಅದರ ಮೇಲೆ ಚಹಾಕ್ಕೆ ನೀರಿಟ್ಟಳು. ಅಂದಿನಿಂದ ನಾನು ಮನೆಯಲ್ಲಿದ್ದಾಗ ಎಣಿಕೆ ಕೇಳಿಸುವುದು ನಿಂತಿತು. ಅಜ್ಜಿ ಮೊಣಕಾಲಿನಿಂದ ಅಮ್ಮನ ಮೊಣಕಾಲಿಗೆ ತಟ್ಟಿ ಎಣಿಸುತ್ತಿದ್ದಳಂತೆ. ನನಗೆ ಬಂದ ಸಿಟ್ಟು ಎಷ್ಟೆಂದರೆ, ಇವರಿಗೆ ತಿಳಿಯದ ಭಾಷೆಯೊಂದನ್ನು ಕಲಿತೇ ತೀರುತ್ತೇನೆ ಎಂದುಕೊಂಡೆ. ನಾನು ಇಂಗ್ಲಿಷ್ ಟೀಚರ್ ಆದದ್ದರ ಹಿಂದಿನ ಸತ್ಯ ಇಷ್ಟೇ.

ಅಣ್ಣನ ಮದುವೆಯಾಗಿ ಭಾಬಿ ಬಂದಾಗ ಅವಳನ್ನು ಹಲಗೆಯ ಮೇಲೆ ಕೂರಿಸಿದರು. ಅಜ್ಜಿ ಆಗ ತೀರಿಹೋಗಿದ್ದಳು. ನನಗೂ ಮದುವೆಯಾಗಿತ್ತು, ಆದರೆ ಅದೇ ಊರಿನಲ್ಲಿ, ಎರಡು ಓಣಿ ಆಚೆ. “ನನಗ ಯಾಕ ಕಲಸಲಿಲ್ಲ?” ಎಂದು ಅಂದು ಮೊದಲ ಸಲ ಬಾಯಿಬಿಟ್ಟು ಕೇಳಿದೆ.

“ಯಮನೂರಾಗ ಮಾತ ಕೊಟ್ಟೀನಿ,” ಎಂದಳು ಅಮ್ಮ. “ಸಾಮಾನದ ಮುಂದ ಕುಂದ್ರೂ ಮೊದಲ ನಮ್ಮತ್ತಿ ದರ್ಗಾಕ್ಕ ಕರಕೊಂಡ ಹೋಗಿದ್ಲು. ಹೊಸ್ತಿಲ ಮ್ಯಾಲೆ ಕೈ ಇಡಿಸಿ, ನನ್ನ ಬಾಯಿಂದ ಮಗಳಿಗೆ ಹೇಳೂದಿಲ್ಲ ಅಂತ ಮಾತ ತಗೊಂಡ್ಲು. ಆಕಿ ಹೋದ್ಲು ಅಂತ ಮಾತ ಹೋಗತೈತೇನ?”

ಭಾಬಿ ಪಟ್ಟೆ ಕಲಿತಳು, ಪಗಡೆಯ ಮನೆಗಳ ಚಿತ್ತಾರ ಕಲಿತಳು. ನವಿಲಿಗೆ ಬಂದಾಗ ಅವಳ ತಾಳ್ಮೆ ಮುಗಿಯಿತು. ಹೊಲಿಗೆಯ ಮಷಿನ್ ತಂದು ಓಣಿಯ ಹೆಂಗಸರ ಕುಪ್ಪಸ ಹೊಲಿಯತೊಡಗಿದಳು, ಒಳ್ಳೆಯ ಕೈ ಅವಳದು. ಅಮ್ಮ ಅವಳನ್ನು ಒತ್ತಾಯಿಸಲಿಲ್ಲ. ಹೀಗಾಗಿ ನಮ್ಮ ಮನೆಯ ನವಿಲು ಅಮ್ಮನ ತಲೆಯೊಂದರಲ್ಲೇ ಉಳಿಯಿತು. ಆಮೇಲೆ ಅಮ್ಮನ ಕಣ್ಣು ಹೋಗತೊಡಗಿತು. ಹುಬ್ಬಳ್ಳಿಯ ಡಾಕ್ಟರರು ಒಂದು ಕಣ್ಣಿಗೆ ಆಪರೇಷನ್ ಮಾಡಿದರು, ಇನ್ನೊಂದರ ನರವೇ ಒಣಗಿದೆ, ಉಳಿದದ್ದೂ ಎಷ್ಟು ದಿನವೋ ಎಂದರು. ಅಮ್ಮ ಬೆರಳಿನಿಂದಲೇ ಎಳೆ ಎಣಿಸಿ ನೇಯತೊಡಗಿದಳು.

ನನಗೆ ಹೆದರಿಕೆ ಹತ್ತಿತು. ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳುತ್ತೇನೆ, ನೀನು ಏನೂ ಹೇಳುವುದು ಬೇಡ ಎಂದು ಗೋಗರೆದೆ. ಅಮ್ಮ ಪಂಜಾ ಕೆಳಗಿಟ್ಟು, “ಮಾತಿಗೆ ಕಳ್ಳ ಬಾಗಲಾ ಮಾಡಬ್ಯಾಡ,” ಎಂದಳು. ನಾನು ಬಾಗಿಲನ್ನು ಧಡಾರನೆ ಹಾಕಿಕೊಂಡು ನನ್ನ ಮನೆಗೆ ಹೋದೆ. ಐವತ್ತು ಸಮೀಪಿಸಿದ ಹೆಂಗಸು ಹಾಗೆ ಮಾಡಬಾರದು, ಆದರೆ ಮಾಡಿದೆ.

ನಿಘಂಟಿನಲ್ಲಿ ಲೂಮ್ ಸಿಕ್ಕಿದ್ದು ಇದಾದ ಒಂದು ತಿಂಗಳಿಗೆ. ಅಂದು ಸಂಜೆಯ ಬಸ್ಸಿನಲ್ಲಿ ಅಣ್ಣಿಗೇರಿಯಿಂದ ಬರುವಾಗ ಕಿಟಕಿಯಾಚೆ ಕಪ್ಪು ಹೊಲ ಹಾಯುತ್ತಿತ್ತು, ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನನ್ನ ಮನೆಗೆ ಹೋಗದೆ ನೆಟ್ಟಗೆ ಅಮ್ಮನಲ್ಲಿಗೆ ಹೋದೆ. ಅವಳು ಹಲಗೆಯ ಮೇಲಿದ್ದಳು. ಪರದೆ ತೆಗೆದು ಎಷ್ಟೋ ವರ್ಷವಾಗಿತ್ತು, ಆದರೂ ನಾನು ಎಂದಿನಂತೆ ಈಚೆಯೇ ನಿಂತೆ.

“ಅಮ್ಮಾ, ಇಂಗ್ಲಿಷಿನವರೂ ಒಂದು ಕಾಲಕ್ಕ ಇದಕ್ಕ ಸಾಮಾನ ಅಂತಿದ್ರಂತ.”

“ಅವರಿಗೆ ಯಾರ ಹೇಳಿದ್ರ?” ಎಂದಳು ಅನುಮಾನದಿಂದ. ನಮ್ಮ ಓಣಿಯವರೇ ಯಾರೋ ಬಾಯಿ ಬಿಟ್ಟಿದ್ದಾರೆ ಎಂಬ ಧಾಟಿ.

“ಯಾರೂ ಹೇಳಿಲ್ಲ. ಸಾವಿರ ವರ್ಷದ ಹಿಂದ, ಅವರಷ್ಟಕ್ಕ ಅವರ ಅಂದಾರ.”

“ಅಲ್ಲೂ ಹೆಣ್ಮಕ್ಕಳ ನೇಯ್ತಿದ್ರೇನ?”

“ಹೌದಂತ.”

“ಮತ್ತ! ನೇಯೂ ಹೆಣ್ಮಕ್ಕಳಿಗೆ ಹೆಸರ ಹುಡುಕಾಕ ಎಲ್ಲಿ ಪುರಸೊತ್ತ? ಸಾಮಾನ ಅಂದ್ರ ಮುಗೀತ.”

ಎಲ್ಲಿಯೋ ಸಂಬಂಧಿಕರಿದ್ದಾರೆಂದು ಗೊತ್ತಾದವರಂತೆ ಅವಳ ಮುಖ ಅರಳಿತು. ತೊಟ್ಟಿ, ದೋಣಿ, ಅಂಬಿಗರು ಎಲ್ಲವನ್ನೂ ಹೇಳಿಸಿಕೊಂಡಳು. ಆಮೇಲೆ ನಾನು, ಹೇಳಬೇಕೋ ಬೇಡವೋ ಎನ್ನುತ್ತಲೇ, ವಾರಸುದಾರರ ಸಾಮಾನಿನ ಮಾತು ಹೇಳಿದೆ. ಮನೆ ಬಿಟ್ಟು ಹೋಗಬಾರದ ಸಾಮಾನು, ಮನೆಯ ಜೊತೆಗೇ ಇಳಿದು ಬರುವುದು.

“ನಮ್ಮತ್ತಿನೂ ಇದನ್ನ ಅಂತಿದ್ಲು,” ಎಂದಳು ಅಮ್ಮ. ಒಂದು ಎಳೆ ಹಾಯಿಸಿ, ಮುಖ ತಿರುಗಿಸದೆ ಕೇಳಿದಳು: “ಅಂದ್ರ ಅಲ್ಲೂ ಮಗಳಿಗೆ ಕೊಡ್ತಿರಲಿಲ್ಲೇನ?”

ಸುಳ್ಳು ಹೇಳಬಹುದಿತ್ತು. ಆಸೆಯೂ ಆಯಿತು. ಆದರೆ ಮಾತಿನ ಬಗ್ಗೆ ಇಷ್ಟು ನಿಷ್ಠುರವಾಗಿದ್ದ ಹೆಂಗಸಿನ ಮುಂದೆ ಸುಳ್ಳು ನಾಲಿಗೆಗೆ ಬರಲಿಲ್ಲ. “ಹೆಚ್ಚಾಗಿ ಗಂಡಸ ಮಗನಿಗೇ ಹೋಗ್ತಿತ್ತಮ್ಮಾ. ಆದ್ರ ವಾರಸದಾರ ಅನ್ನೂ ಅವರ ಮಾತಿನ್ಯಾಗ ಗಂಡು ಹೆಣ್ಣು ಅಂತ ಏನೂ ಇಲ್ಲ. ಅದರ ಬೇರ ಹುಡುಕಿದವರು ಕೆಲವರು, ಹಿಂದ ಉಳದವರು ಅಂತ ಅರ್ಥಾ ಹೇಳತಾರ.”

“ಹಿಂದ ಉಳದವರು,” ಎಂದು ಅಮ್ಮ ಮೆಲ್ಲಗೆ ಹೇಳಿಕೊಂಡಳು. “ನಿಮ್ಮಪ್ಪ ಹೋದ ಮ್ಯಾಲೆ ಹೊಲಕ್ಕ ವಾರಸಾ ಹಚ್ಚುವಾಗ ತಲಾಟಿ ನಿನ್ನ ಹೆಸರೂ ಬರಕೊಂಡ ಹೋದ.” ಪಂಜಾ ತೆಗೆದುಕೊಂಡು ಸಾಲು ಬಡಿದಳು. ನಾನು ಚಹಾ ಕುಡಿದು ಬಂದೆ.

ಎಂಟು ದಿನ ಕಳೆದು ರವಿವಾರ ಮುಂಜಾನೆ ಅಮ್ಮನಿಂದ ಕರೆ ಬಂತು. ಹೋದರೆ ಅಮ್ಮ ಹಲಗೆಯ ತುದಿಯಲ್ಲಿ ಕೂತಿದ್ದಾಳೆ, ಪಕ್ಕದಲ್ಲಿ ಭಾಬಿ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇದೆ, ಮುಖ ಗೊಂದಲದಿಂದ ತುಂಬಿದೆ. ಅಮ್ಮ ಭಾಬಿಯನ್ನು ಕೇಳಿದಳು: “ನಿನ್ನ ಈ ಮನಿಗೆ ತಂದಾಗ ನಾ ನಿನ್ನ ಯಮನೂರಿಗೆ ಕರಕೊಂಡ ಹೋಗೀನೇನ?”

“ಹೋಗೀವಲ್ರಿ, ಜ್ವರಾ ಬಂದಾಗ.”

“ಅದಲ್ಲಬೇ. ಹೊಸ್ತಿಲ ಮ್ಯಾಲೆ ಕೈ ಇಡಿಸಿ ಮಾತ ತಗೊಂಡೇನೇನ?”

“ಇಲ್ರಿ.”

“ತಗೊಂಡಿಲ್ಲ,” ಎಂದಳು ಅಮ್ಮ. “ನನಗ ತಗೋಬೇಕು ಅನಸಲಿಲ್ಲ. ನಮ್ಮತ್ತಿ ನನ್ನ ಬಾಯಿ ಕಟ್ಟಿದ್ಲು, ನಾ ನಿನ್ನ ಬಾಯಿ ಕಟ್ಟಿಲ್ಲ. ನೀ ನವಿಲ ಕಲತು ಯಾರಿಗೆ ಹೇಳ್ತಿ, ನಿನ್ನ ಖುಷಿ.”

ಭಾಬಿ ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ಇಪ್ಪತ್ತೆರಡು ವರ್ಷದ ಹಿಂದೆಯೇ ಅಮ್ಮ ಆ ಒಂದು ಕಟ್ಟನ್ನು ಬಿಚ್ಚಿಟ್ಟು, ಯಾರಿಗೂ ಹೇಳದೆ ತನ್ನ ಪಾಡಿಗೆ ನೇಯುತ್ತ ಕೂತಿದ್ದಳು. ನಾನೋ ಅವಳನ್ನು ಕಲ್ಲು ಮನಸ್ಸಿನವಳು ಎಂದುಕೊಂಡು ಬಾಗಿಲು ಬಡಿದು ಹೋಗಿದ್ದೆ. ನನ್ನ ಕಣ್ಣು ತುಂಬಿದ್ದು ಭಾಬಿಗೆ ಕಾಣಿಸಿತು. ಅವಳು ಟೇಪನ್ನು ಕೊರಳಿಂದ ತೆಗೆದು ಮಡಚಿ, “ಕೋಳಿ ಬುದ್ಧಿಯಾಕಿ, ಬಾ ಇಲ್ಲೆ ಕುಂದ್ರು,” ಎಂದಳು.

ಇಬ್ಬರ ಹಲಗೆಯ ಮೇಲೆ ಮೂವರು ಕೂತೆವು. ಅಂದಿನಿಂದ ರವಿವಾರಗಳೆಲ್ಲ ಹೀಗೆ. ಅಮ್ಮ ಭಾಬಿಯ ಕಡೆ ತಿರುಗಿ ಹೇಳುತ್ತಾಳೆ, “ಎಡಕ್ಕ ನಾಕು ಬಿಡು.” ಭಾಬಿ ನನ್ನ ಕಡೆ ತಿರುಗಿ ಹೇಳುತ್ತಾಳೆ, “ಎಡಕ್ಕ ನಾಕು ಬಿಡು.” ಅಮ್ಮನಿಗೂ ನನಗೂ ನಡುವೆ ಇರುವುದು ಒಂದು ಮೊಳ, ಆದರೂ ಮಾತು ಸುತ್ತಿ ಬರಬೇಕು. ಭಾಬಿಗೆ ನಗು ತಡೆಯಲಾಗುವುದಿಲ್ಲ, ಒಮ್ಮೊಮ್ಮೆ ಬೇಕೆಂದೇ ತಪ್ಪು ಹೇಳಿ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಾಳೆ. ನವಿಲಿನ ಕಾಲು ಮೂಡಿತು, ಹೊಟ್ಟೆ ಮೂಡಿತು. ಕೆಳಗಿನಿಂದ ಮೇಲಕ್ಕೆ ಒಂದು ಜೀವ ನನ್ನ ಬೆರಳುಗಳ ನಡುವೆ ಏಳುವುದನ್ನು ನೋಡುತ್ತ ನಾನು ಎಷ್ಟೋ ಸಲ ಎಣಿಕೆ ಮರೆತಿದ್ದೇನೆ.

ಕೊರಳಿನ ಸಾಲಿಗೆ ಬಂದ ದಿನ ಹೊರಗೆ ಯಾರೋ ಕುಪ್ಪಸ ಒಯ್ಯಲು ಬಂದರು, ಭಾಬಿ ಎದ್ದು ಹೋದಳು. ಅಮ್ಮನೂ ನಾನೂ ಇಬ್ಬರೇ ಉಳಿದೆವು. ಅವಳ ಕಣ್ಣಿಗೆ ಆಗ ಬಣ್ಣ ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ನಾನು ನೀಲಿ ಎಳೆ ಹಾಯಿಸಿದೆ, ಅನುಮಾನವಾಯಿತು, ನಿಂತೆ. ಅಮ್ಮನ ಬೆರಳು ನನ್ನ ಸಾಲಿನ ಮೇಲೆ ಮೆಲ್ಲಗೆ ಓಡಿ ಬಂದು ಒಂದು ಕಡೆ ಥಟ್ಟನೆ ನಿಂತಿತು. ತಪ್ಪು ಅಲ್ಲಿತ್ತು. “ಎಷ್ಟ ಬಿಡಬೇಕಮ್ಮಾ?” ಎಂದೆ. ಅವಳ ತುಟಿ ಅಲುಗಿತು, ಅಂಕಿ ಬಾಯಿಯ ಅಂಚಿಗೆ ಬಂದದ್ದು ನನಗೆ ಕಂಡಿತು. ಕೇಳುವವರು ಯಾರೂ ಇರಲಿಲ್ಲ. ಅವಳು ತುಟಿ ಬಿಗಿಹಿಡಿದಳು. ಯಾರೂ ನೋಡದ ಹೊತ್ತಿನಲ್ಲೂ ಹೀಗೆ ಮಾತು ಉಳಿಸಿಕೊಳ್ಳುವವಳ ಹೊಟ್ಟೆಯಲ್ಲಿ ನಾನು ಹುಟ್ಟಿದ್ದೇನೆ ಎಂದು ನನಗೆ ಭಯಭಕ್ತಿಯೇ ಆಯಿತು. ಆಮೇಲೆ ಅವಳು ನನ್ನ ಕೈಯನ್ನು ಎಳೆಯ ಸಮೇತ ಗಟ್ಟಿಯಾಗಿ ಹಿಡಿದುಕೊಂಡು, ಬಾಗಿಲ ಕಡೆ ಮುಖ ಮಾಡಿ, ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು:

“ಏ, ಲಗೂನ ಬಾರವಾ! ನನ್ನ ಮಗಳ ನವಿಲ ನೇಯಾಕತ್ಯಾಳ, ಕೈ ತಪ್ಪೈತಿ, ಬಂದ ಹೇಳ ಆಕಿಗೆ!”